ಅಕ್ಕನ ಆಣೆ, ನನ್ನ ಎಡಗಣ್ಣು

ಮಿಯಾಪುರ, ಹೈದರಾಬಾದ್
೭ ಜುಲೈ ೨೦೨೪, ರವಿವಾರ

ಅಕ್ಕಾ,

ನೀನು ಕಳಿಸಿದ ಖಡಕ್ ರೊಟ್ಟಿ ಮುಟ್ಟಿದವು. ನಿನ್ನ ಮನೆಗೆಲಸದ ಸುಭದ್ರಾಳ ಗಂಡ ತಾಯಪ್ಪ ನಮ್ಮ ಪಕ್ಕದ ಕಟ್ಟಡಕ್ಕೇ ಸೆಂಟ್ರಿಂಗ್ ಕೆಲಸಕ್ಕೆ ಬಂದದ್ದು ಎಷ್ಟು ಒಳ್ಳೆಯದಾಯಿತು ನೋಡು. ಗಂಟನ್ನು ಕೂಸಿನ ಹಾಗೆ ಎದೆಗವಚಿಕೊಂಡು ಬಂದ. ಒಂದು ರೊಟ್ಟಿಯೂ ಮುರಿದಿರಲಿಲ್ಲ. ಶೇಂಗಾ ಹಿಂಡಿ ಸಮೇತ ಎರಡೇ ದಿನದಲ್ಲಿ ಖಾಲಿ. ನಾನಂತೂ ಟಿವಿ ಮುಂದೆ ಕೂತು ಕಟಕಟ ಕಡಿದೆ.

ಹೋದ ಸಲದ ಕಾಗದ ಕೊಡುವಾಗ ಪೋಸ್ಟ್‌ಮನ್ ನಕ್ಕ. ‘ಅಮ್ಮಾ, ಇಂಟ್ಲೋ ಫೋನ್ ಲೇದಾ?’ ಅಂತ ಕೇಳಿದ. ಫೋನ್ ಇದೆಯಪ್ಪ, ನಮ್ಮಕ್ಕನಿಗೆ ಕಿವಿ ಇಲ್ಲ ಅಂದೆ. ಮೊಬೈಲಿನಲ್ಲಿ ಬರೆದು ಕಳಿಸಬಹುದಲ್ಲ ಅಂದ. ಕಳಿಸಿದರೆ ನಿನಗಿಂತ ಮೊದಲು ನಿನ್ನ ಮಗ, ಸೊಸೆ, ಮೊಮ್ಮಕ್ಕಳು ಓದುತ್ತಾರೆ. ನಮ್ಮ ಜಗಳ ನಮಗೇ ಇರಲಿ.

ಶ್ರಾವಣ ಹತ್ತಿರ ಬಂತು, ಬ್ಲೌಸ್ ಹೊಲಿಯಲು ಬಟ್ಟೆ ರಾಶಿ ಬಿದ್ದಿದೆ. ನಮ್ಮ ಮನೆಯವರು ಬಾಲಾನಗರದ ಫ್ಯಾಕ್ಟರಿಯಿಂದ ರಿಟೈರ್ ಆದಾಗಿನಿಂದ ಗುಂಡಿ ಹಚ್ಚುವುದನ್ನು ಕಲಿಯುತ್ತೇನೆ ಅನ್ನುತ್ತಿದ್ದಾರೆ, ಇನ್ನೂ ಕಲಿತಿಲ್ಲ. ನಾನು ಆರಾಮ. ಬಿಸಿಲಿಗೆ ಸ್ವಲ್ಪ ತಲೆನೋವು, ಅಷ್ಟೇ.

ನಿನ್ನ ಅಂಬಿ


ಲಿಂಗಸುಗೂರು
೨೨ ಜುಲೈ ೨೦೨೪

ಅಂಬವ್ವಗೆ,

ಅಂಬಿ ಎಂದು ಬರೆಯುವವಳು ಪೂರ್ತಿ ಹೆಸರು ಬರೆದಿದ್ದೇನೆ. ಯಾಕೆಂದು ಓದು.

ಸುಭದ್ರಾ ನಿನ್ನೆ ಪಾತ್ರೆ ತಿಕ್ಕುವುದನ್ನು ಬಿಟ್ಟು ನನ್ನ ಮುಂದೆ ಕೂತಳು. ತುಟಿ ನನಗೆ ಕಾಣಲೆಂದು ಬಾಯಿ ಅಗಲ ಮಾಡಿ ಹೇಳಿದಳು: “ಅವ್ವಾರ, ನೀವು ಕಳಿಸಿದ ರೊಟ್ಟಿ ನಮ್ಮ ಮಂದಿಗೆಲ್ಲ ಭಾಳ ರುಚಿ ಹತ್ತಿದ್ವಂತ್ರಿ. ನಿಮ್ಮ ತಂಗ್ಯಾರು ಗಂಟು ಸೈತ ಬಿಚ್ಚದ ಕೊಟ್ಟರಂತ. ದೇವರಂಥಾಕಿ ಅಂತಾನ ನನ್ನ ಗಂಡ.”

ದೇವರಂಥವಳೇ, ದುಡಿಯುವವರಿಗೆ ಕೊಟ್ಟದ್ದಕ್ಕೆ ನನ್ನ ಸಿಟ್ಟಿಲ್ಲ. ಕಟಕಟ ಕಡಿದೆ ಎಂದು ಬರೆದೆಯಲ್ಲ, ಅದಕ್ಕೆ ಸಿಟ್ಟು. ಒಲೆಯ ಮುಂದೆ ಒಂದು ಹಗಲು ಕೂತು ಬಡಿದ ರೊಟ್ಟಿ ಅವು. ಮೂರನೇ ಮಹಡಿಗೆ ಏರಿದ ಮೇಲೆ ಜೋಳ ಒಗ್ಗುವುದಿಲ್ಲ, ಇಡ್ಲಿ ದೋಸೆಯೇ ಮೆತ್ತಗಿರುತ್ತವೆ ಎಂದು ನೇರವಾಗಿ ಬರೆಯಬಹುದಿತ್ತು. ನೀನು ಹೈದರಾಬಾದಿನವಳಾದೆ. ಆಗು. ಇನ್ನು ಮೇಲೆ ನನ್ನಿಂದ ರೊಟ್ಟಿಯೂ ಬರುವುದಿಲ್ಲ, ಪತ್ರವೂ ಬರುವುದಿಲ್ಲ.

ಗದಿಗೆಮ್ಮ


ಮಿಯಾಪುರ
೧೧ ಆಗಸ್ಟ್ ೨೦೨೪, ರವಿವಾರ

ಅಕ್ಕಾ,

ಸಿಟ್ಟಿದ್ದರೆ ಇರಲಿ, ಓದು. ಸಾಲು ಸೊಟ್ಟ ಹೋಗಿದ್ದರೆ ಬೈಯಬೇಡ. ಒಂದೇ ಕಣ್ಣಲ್ಲಿ ಬರೆಯುತ್ತಿದ್ದೇನೆ. ಬಲಗಣ್ಣು ಹೋಯಿತು.

ಮೊದಲಿನಿಂದ ಹೇಳುತ್ತೇನೆ. ಬೇಸಿಗೆಯಿಂದಲೇ ರೊಟ್ಟಿ ಕಡಿಯಲು ಆಗುತ್ತಿರಲಿಲ್ಲ. ನಾಲ್ಕು ತುತ್ತು ಅಗಿಯುವಷ್ಟರಲ್ಲಿ ದವಡೆ ಹಿಡಿದುಕೊಳ್ಳುತ್ತಿತ್ತು, ಸುಮ್ಮನೆ ಕೂತರೆ ಬಿಡುತ್ತಿತ್ತು. ನಮ್ಮ ಬೀದಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಎರಡು ಹಲ್ಲು ಕೀಳಿಸಿಕೊಂಡೆ. ಹಲ್ಲು ಹೋದವು, ನೋವು ಹೋಗಲಿಲ್ಲ. ಆಮೇಲೆ ಬಾಚಣಿಗೆ ತಾಗಿದರೆ ತಲೆ ಚುರುಗುಟ್ಟಲು ಶುರುವಾಯಿತು. ಬಲಗಣ್ಣಿಗೆ ಕತ್ತಲೆ ಬಂದು ಬಂದು ಹೋಗುತ್ತಿತ್ತು. ಯಾರಿಗೂ ಹೇಳಲಿಲ್ಲ. ನಿನಗಂತೂ ಹೇಳುವ ಮಾತೇ ಇರಲಿಲ್ಲ. ಜೋಳದ ರೊಟ್ಟಿ ಕಡಿಯಲಾರದವಳು ಎಂದು ನಿನ್ನ ಬಾಯಿಂದ ಅನ್ನಿಸಿಕೊಳ್ಳುವ ಆಸೆ ಯಾರಿಗಿದೆ?

ಜುಲೈ ೨೬, ಶುಕ್ರವಾರ. ಹಸಿರು ರೇಷ್ಮೆ ಬಟ್ಟೆ ಹಾಸಿಕೊಂಡು ತೋಳು ಕತ್ತರಿಸುತ್ತಿದ್ದೆ. ಬಟ್ಟೆಯ ಅರ್ಧ ಭಾಗ ಕಾಣಿಸಲೇ ಇಲ್ಲ. ಇಲ್ಲಿಯೇ ಇತ್ತಲ್ಲ ಎಂದು ಕೈಯಾಡಿಸಿದರೆ ಕೈಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಕತ್ತರಿ ಬೆನ್ನಿನ ತುಂಡಿನ ಮೇಲೆ ಹಾದುಹೋಗಿತ್ತು. ಇಷ್ಟು ವರ್ಷದಲ್ಲಿ ನಾನು ಕೆಡಿಸಿದ ಮೊದಲ ರೇಷ್ಮೆ ಅದು.

ಕಣ್ಣಿನ ಆಸ್ಪತ್ರೆಯಲ್ಲಿ ಶ್ರೀಲಕ್ಷ್ಮಿ ಅಂತ ಡಾಕ್ಟರು. ಸಣ್ಣ ವಯಸ್ಸು, ಹಿಂದಿ ತೆಲುಗು ಕಲಸಿ ಮಾತಾಡುತ್ತಾಳೆ, ನಮ್ಮ ಕನ್ನಡವೂ ತಿಳಿಯುತ್ತದೆ. ಕಣ್ಣಲ್ಲಿ ದೀಪ ಬಿಟ್ಟು ನೋಡಿದಳು. ಆಮೇಲೆ, ಊಟ ಮಾಡುವಾಗ ದವಡೆ ನೋಯುತ್ತದಾ ಎಂದು ಕೇಳಿದಳು. ನನಗೆ ರೇಗಿತು. ನಿನ್ನ ಪತ್ರ ಹಿಂದಿನ ದಿನವಷ್ಟೇ ಬಂದಿತ್ತು. “ಕಣ್ಣು ಕಾಣಂಗಿಲ್ಲ ಅಂತ ಬಂದ್ರ ನೀನೂ ರೊಟ್ಟಿ ಮಾತಿಗೇ ಬಂದಿಯೇನವ್ವಾ? ಅದಕ್ಕ ನಮ್ಮಕ್ಕ ನನ್ನ ಕೂಡ ಮಾತು ಬಿಟ್ಟಾಳ” ಅಂದುಬಿಟ್ಟೆ. ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. ಯಾವ ರೊಟ್ಟಿ, ಎಷ್ಟು ಗಟ್ಟಿ, ಎಷ್ಟು ಹೊತ್ತಿಗೆ ನೋವು, ನಿಲ್ಲಿಸಿದರೆ ಹೋಗುತ್ತದಾ, ತಲೆ ಬಾಚಿದರೆ ಹೇಗೆ, ಒಂದೊಂದನ್ನೂ ಕೇಳಿದಳು. ಕೇಳಿ ಎದ್ದು ಹೋಗಿ ಯಾರಿಗೋ ಫೋನ್ ಮಾಡಿದಳು.

ರೋಗ ಕಣ್ಣಿನದಲ್ಲವಂತೆ, ರಕ್ತನಾಳದ್ದಂತೆ. ಮೈಯ ದೊಡ್ಡ ನಾಳಗಳ ಗೋಡೆ ಉರಿದು ಬಾತುಕೊಳ್ಳುತ್ತದೆ, ಒಳಗಿನ ದಾರಿ ಕಟ್ಟುತ್ತದೆ. ದವಡೆಗೆ ರಕ್ತ ಸಾಲದೆ ಆ ನೋವು, ಕಣ್ಣಿಗೆ ಸಾಲದೆ ಈ ಕತ್ತಲೆ. ರಕ್ತದ ರಿಪೋರ್ಟಿಗೂ ಕಾಯದೆ ಅವತ್ತೇ ಸಲಾಯಿನ್‌ನಲ್ಲಿ ಔಷಧ ಹಾಕಿದರು. ಹಣೆಯ ಪಕ್ಕ ಕೂದಲು ಬೋಳಿಸಿ, ದಾರದಷ್ಟು ನಾಳ ತೆಗೆದು ಪರೀಕ್ಷೆಗೆ ಕಳಿಸಿದರು. ಅದೇ ರೋಗ ಎಂದು ಬಂತು.

ಬಲಗಣ್ಣು ಇನ್ನು ಬರುವುದಿಲ್ಲ. ಎಡಗಣ್ಣೂ ಅದೇ ದಾರಿ ಹಿಡಿಯುವುದರಲ್ಲಿತ್ತು. “ಗುಳಿಗೆ ಒಂದು ದಿನವೂ ತಪ್ಪಿಸಬೇಡಿ, ತಪ್ಪಿಸಿದರೆ ಆ ಕಣ್ಣಿಗೆ ನಾನು ಜವಾಬ್ದಾರಿ ಅಲ್ಲ” ಎಂದು ಶ್ರೀಲಕ್ಷ್ಮಿ ನನ್ನ ಕೈ ಹಿಡಿದು ಹೇಳಿದಳು.

ಅಳಲಿಲ್ಲವಾ ಎಂದು ಕೇಳುತ್ತೀ. ಅತ್ತೆ, ಒಂದು ಸಂಜೆ. ಮರುದಿನ ಹಸಿರು ರೇಷ್ಮೆಯವಳಿಗೆ ಹೊಸ ಬಟ್ಟೆ ತಂದು ಕೊಟ್ಟೆ. ನಿನ್ನ ಸಿಟ್ಟು ಇಳಿದಿದ್ದರೆ ಬರೆ. ನಿನಗೆ ಕೇಳುವುದಿಲ್ಲ, ನನಗೆ ಕಾಣದೆ ಹೋದರೆ ನಾವಿಬ್ಬರೂ ಹೇಗೆ ಮಾತಾಡುವುದು?

ಅಂಬಿ


ಲಿಂಗಸುಗೂರು
೧೯ ಆಗಸ್ಟ್ ೨೦೨೪

ಅಂಬಿ,

ಪತ್ರ ಓದಿ ಅಡಿಗೆಮನೆಯಲ್ಲೇ ಕೂತುಬಿಟ್ಟೆ. ಸೊಸೆ ಬಂದು ಒಲೆ ಆರಿಸಿದಳಂತೆ, ನನಗೆ ಗೊತ್ತಿಲ್ಲ.

ರೊಟ್ಟಿಯ ಮಾತು ಇಲ್ಲಿಗೆ ಮುಗಿಯಿತು. ತಪ್ಪಾಯಿತು ಎನ್ನುವುದು ನನ್ನ ಬಾಯಲ್ಲಿ ಬರುವುದಿಲ್ಲ, ನಿನಗೆ ಗೊತ್ತಿದ್ದದ್ದೇ.

ಆ ಗುಳಿಗೆಯ ಹೆಸರು ಬರೆದು ಕಳಿಸು. ಮಗ ಬಸವಕಿರಣ ಮೊಬೈಲಿನಲ್ಲಿ ನೋಡಿ ಹೇಳುತ್ತೇನೆ ಅಂದಿದ್ದಾನೆ.

ಅಕ್ಕ


ಮಿಯಾಪುರ
೮ ಸೆಪ್ಟೆಂಬರ್ ೨೦೨೪

ಅಕ್ಕಾ,

ಗುಳಿಗೆಯ ಚೀಟಿಯನ್ನೇ ಹರಿದು ಇದರೊಳಗೆ ಇಟ್ಟಿದ್ದೇನೆ. ಮಗನ ಡಾಕ್ಟರಿಕೆ ನಡೆಯಲಿ.

ಇಲ್ಲಿನ ಸುದ್ದಿ ಕೇಳು. ನನಗೆ ಒಂದು ಕಣ್ಣು ಹೋಯಿತೆಂದು ಗೊತ್ತಾದದ್ದೇ ತಡ, ಬಿ ಬ್ಲಾಕಿನ ಹೆಂಗಸರು ಒಬ್ಬೊಬ್ಬರೇ ಬಂದು ತಮ್ಮ ಬಟ್ಟೆ ವಾಪಸ್ ಒಯ್ದರು. ‘ಆಂಟೀ, ರೆಸ್ಟ್ ತೀಸ್ಕೋಂಡಿ’, ವಿಶ್ರಾಂತಿ ತಗೊಳ್ಳಿ ಅನ್ನುತ್ತಾರೆ. ದುಃಖ ಪಡುವ ಮುಖ ಮಾಡಿಕೊಂಡು ಬಟ್ಟೆಯ ಗಂಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ರಟ್ಟಿನ ಮೇಲೆ ‘ಟೈಲರ್ ಅಂಬವ್ವ, ಅಂಗಡಿ ಚಾಲೂ ಇದೆ’ ಎಂದು ತೆಲುಗಿನಲ್ಲಿ ಬರೆಸಿ ಲಿಫ್ಟಿನ ಪಕ್ಕ ತೂಗುಹಾಕಿದೆ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ತೆಗೆಸಿದ. ಮತ್ತೆ ಹಾಕಿದೆ. ಈಗ ಅವನು ಅದನ್ನು ನೋಡದವನ ಹಾಗೆ ಹೋಗುತ್ತಾನೆ.

ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಯುದ್ಧ. ಒಂದು ಕಣ್ಣಿಗೆ ಸೂಜಿ ಎಷ್ಟು ದೂರದಲ್ಲಿದೆ ಎನ್ನುವುದೇ ತಿಳಿಯುವುದಿಲ್ಲ. ದಾರ ಸೂಜಿಯ ಹಿಂದೆ ಹೋಗುತ್ತದೆ, ಮುಂದೆ ಹೋಗುತ್ತದೆ, ಒಳಗೆ ಹೋಗುವುದಿಲ್ಲ. ನಮ್ಮ ಮನೆಯವರು ಪೋಣಿಸಿ ಕೊಡುತ್ತೇನೆ ಅಂದರು. ಬ್ಯಾಡ ಅಂದೆ. ಈಗ ಸೂಜಿಯನ್ನು ಬೆರಳಿಗೆ ಒತ್ತಿ ಹಿಡಿದು ಪೋಣಿಸಲು ಕಲಿತಿದ್ದೇನೆ. ಚುಚ್ಚುತ್ತದೆ. ಚುಚ್ಚಲಿ.

ಗುಳಿಗೆಯ ಕಾಟ ಬೇರೆ. ಮುಖ ಪೂರಿಯಂತೆ ಉಬ್ಬಿದೆ. ಹಸಿವೆಂದರೆ ಹಸಿವು. ನಿದ್ದೆ ಇಲ್ಲ, ಸಕ್ಕರೆ ಏರಿದೆ, ಮಾತುಮಾತಿಗೆ ಸಿಟ್ಟು. ಸಿಟ್ಟು ಗುಳಿಗೆಯದೋ ನಮ್ಮ ತವರಿನದೋ ಎಂದು ಇವರು ಕೇಳುತ್ತಾರೆ. ಒಂದು ಒಳ್ಳೆಯದೂ ಆಯಿತು, ದವಡೆ ಬಿಟ್ಟಿತು. ತಲೆ ಬಾಚಿಕೊಳ್ಳಬಹುದು. ಎಡಗಣ್ಣು ಚೆನ್ನಾಗಿದೆ.

ಅಂಬಿ


ಲಿಂಗಸುಗೂರು
೧೬ ಸೆಪ್ಟೆಂಬರ್ ೨೦೨೪

ಅಂಬಿ,

ನಿನ್ನ ಗಂಡ ಬಸವಕಿರಣನ ಮೊಬೈಲಿಗೆ ಫೋಟೋ ಕಳಿಸಿದ್ದಾರೆ. ನೋಡಿ, ಯಾರಿವಳು ಎಂದು ಕೇಳಿದೆ. ಅವನು ಹಲಗೆಯ ಮೇಲೆ ‘ಚಿಗವ್ವ’ ಎಂದು ಬರೆದು ತೋರಿಸಿದ. ಗುಳಿಗೆಯ ಹೆಸರನ್ನೂ ಅವನು ಹುಡುಕಿದ. ಸ್ಟಿರಾಯ್ಡ್ ಅಂತೆ. ಎಲುಬು ತಿನ್ನುತ್ತದಂತೆ, ಸಕ್ಕರೆ ತರುತ್ತದಂತೆ, ಕಣ್ಣಿಗೆ ಪೊರೆಯನ್ನೂ ತರುತ್ತದಂತೆ. ಕಣ್ಣಿಗೆಂದು ಕೊಟ್ಟ ಔಷಧ ಕಣ್ಣಿಗೇ ಪೊರೆ ತರುವುದಾದರೆ ಅದನ್ನು ಔಷಧ ಅನ್ನುತ್ತಾರೇನು?

ನೀನು ಆಗ ಸಣ್ಣವಳು, ನಿನಗೆ ಪೂರ್ತಿ ನೆನಪಿರಲಿಕ್ಕಿಲ್ಲ. ಬಸವಕಿರಣ ಹುಟ್ಟಿ ಐದು ತಿಂಗಳಾಗಿತ್ತು. ಕ್ಷಯ ಎಂದು ನನಗೆ ದಿನಾ ಸೂಜಿ ಹಾಕಿದರು. ಕಿವಿಯಲ್ಲಿ ಗುಂಯ್ ಅನ್ನುತ್ತದೆ ಎಂದರೆ, ರೋಗ ಹೋಗುತ್ತಿದೆ, ತಡೆದುಕೋ ಎಂದರು. ತಡೆದುಕೊಂಡೆ. ರೋಗ ಹೋಯಿತು, ಕಿವಿಯೂ ಹೋಯಿತು. ಶಾಲೆಯ ನೌಕರಿ ಬಿಟ್ಟೆ. ನನ್ನ ಮಗ ಮೊದಲ ಸಲ ಅವ್ವಾ ಅಂದದ್ದನ್ನು ಎಲ್ಲರೂ ಕೇಳಿದರು, ನಾನೊಬ್ಬಳು ಕೇಳಲಿಲ್ಲ. ಇವತ್ತಿಗೂ ಅವನ ದನಿ ದಪ್ಪವೋ ಸಣ್ಣದೋ ನನಗೆ ಗೊತ್ತಿಲ್ಲ. ಡಾಕ್ಟರ ಮಾತು ಕೇಳಿದ್ದಕ್ಕೆ ಇಷ್ಟು.

ನಿನಗೂ ಹಾಗೆ ಆಗಲು ಬಿಡುವುದಿಲ್ಲ. ಇಲ್ಲಿ ಒಬ್ಬರು ಬೇರಿನ ಔಷಧ ಕೊಡುತ್ತಾರೆ, ಮುಂದಿನ ವಾರ ಕಳಿಸುತ್ತೇನೆ. ಈ ಪತ್ರ ಮುಟ್ಟಿದ ದಿನದಿಂದ ಆ ಗುಳಿಗೆ ಬಿಡು. ನನ್ನ ಆಣೆ. ಅದನ್ನು ಬಾಯಿಗೆ ಹಾಕಿದರೆ ನನ್ನನ್ನು ತಿಂದ ಹಾಗೆ. ಚಿಕ್ಕಂದಿನಿಂದ ನನ್ನ ಒಂದು ಆಣೆಯನ್ನೂ ನೀನು ಮುರಿದವಳಲ್ಲ.

ಅಕ್ಕ


ಮಿಯಾಪುರ
೨೫ ಸೆಪ್ಟೆಂಬರ್ ೨೦೨೪, ಬುಧವಾರ

ಅಕ್ಕಾ,

ನಿನ್ನ ಪತ್ರ ಶುಕ್ರವಾರ ಬಂತು. ಶನಿವಾರ ಬೆಳಗ್ಗೆ ಗುಳಿಗೆ ಬಿಟ್ಟೆ.

ನಗಬೇಡ. ನಾನು ಮೊಮ್ಮಕ್ಕಳ ಅಜ್ಜಿ, ಲೋಕಲ್ ಟ್ರೇನಿನಲ್ಲಿ ಸೀಟಿಗಾಗಿ ಗಂಡಸರ ಜೊತೆ ಜಗಳ ಆಡುವವಳು. ಆದರೂ ‘ನನ್ನ ಆಣೆ’ ಎಂದು ನಿನ್ನ ಕೈಬರಹದಲ್ಲಿ ಕಂಡಾಗ ಕೈ ಹಿಂದಕ್ಕೆ ಬಂತು. ನಿನ್ನ ತಲೆಯನ್ನೇ ಒತ್ತೆ ಇಟ್ಟೆಯಲ್ಲ ನೀನು. ನಾನು ನುಂಗಿದರೆ ಕೇಡು ನಿನಗೆ. ಗುಳಿಗೆಯನ್ನು ದಾರದ ಡಬ್ಬಿಯಲ್ಲಿ ಬಚ್ಚಿಟ್ಟು, ನುಂಗಿದೆ ಎಂದು ಇವರಿಗೆ ಸುಳ್ಳು ಹೇಳಿದೆ.

ನಿನ್ನೆ, ಮಂಗಳವಾರ, ಮಷೀನಿನ ಮುಂದೆ ಕೂತಿದ್ದೆ. ಎಡಗಣ್ಣಿಗೆ ಕೆಳಗಿನಿಂದ ಬೂದಿಬಣ್ಣ ಏರುತ್ತ ಬಂತು. ಮೊದಲು ಬಟ್ಟೆ ಹೋಯಿತು, ಆಮೇಲೆ ಮಷೀನಿನ ಚಕ್ರ, ಆಮೇಲೆ ಕಿಟಕಿ. ಬಲಗಣ್ಣು ಮೊದಲೇ ಇಲ್ಲ. ಪೂರ್ತಿ ಕತ್ತಲೆ, ಅಕ್ಕಾ. ಇವರ ಹೆಸರು ಹಿಡಿದು ಕೂಗಿದೆ. ಮದುವೆಯಾದಾಗಿನಿಂದ ಹೆಸರು ಹಿಡಿದಿರಲಿಲ್ಲ, ನಿನ್ನೆ ‘ಅಮರೇಶಪ್ಪಾ’ ಎಂದು ಕೂಗಿದೆ. ಬಂದರು. ಆಣೆಯ ವಿಷಯ ಹೇಳಿದೆ. “ನಿಮ್ಮಕ್ಕಗ ಕಿವಿ ಇಲ್ಲ, ನಿನಗ ಬುದ್ಧಿ ಇಲ್ಲ. ನಡಿ ದವಾಖಾನಿಗೆ” ಎಂದು ಬೈಯುತ್ತಲೇ ಚಪ್ಪಲಿ ತೊಡಿಸಿದರು. ಆಟೋದಲ್ಲಿ ಲಿಂಗಂಪಲ್ಲಿ ಹತ್ತಿರ ಬರುವಾಗ ಬೆಳಕು ಸ್ವಲ್ಪ ಸ್ವಲ್ಪ ಮರಳಿತು. ಮೊದಲು ಕಂಡದ್ದು ಇವರ ಮುಖ. ಅಳುತ್ತಿದ್ದರು.

ಶ್ರೀಲಕ್ಷ್ಮಿ ಮತ್ತೆ ಸಲಾಯಿನ್ ಹಾಕಿಸಿದಳು. ನನ್ನ ಪುಣ್ಯ, ಎಡಗಣ್ಣು ಉಳಿಯಿತು. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಅಂದಳು. ಅವಳ ಮುಂದೆಯೇ ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದೆ. ನಿನ್ನ ಆಣೆ ಮುರಿದೆ, ಅಕ್ಕಾ. ಕಣ್ಣು ಬಿಟ್ಟುಕೊಂಡು ಮುರಿದೆ.

ನಿನ್ನ ನೋವು ನನಗೆ ಗೊತ್ತಿಲ್ಲ ಎನ್ನಬೇಡ. ಬಸವಕಿರಣ ಮೊದಲ ಸಲ ಅವ್ವಾ ಅಂದಾಗ ಅವನನ್ನು ಎತ್ತಿಕೊಂಡಿದ್ದವಳು ನಾನು. ನಿನ್ನ ಮುಖ ನೋಡಲಾಗದೆ ಅವನ ಬಾಯಿ ಮುಚ್ಚಿದ್ದೆ. ಆದರೆ ಆ ಸೂಜಿ ಇಲ್ಲದಿದ್ದರೆ ನನಗೆ ಆಣೆ ಹಾಕಲು ನೀನೇ ಇರುತ್ತಿರಲಿಲ್ಲ. ಈ ಗುಳಿಗೆ ಎಲುಬು ತಿನ್ನಲಿ, ಪೊರೆ ತರಲಿ, ಮುಖ ಇನ್ನಷ್ಟು ಉಬ್ಬಲಿ. ನನಗೆ ಕಣ್ಣು ಬೇಕು. ನಿನ್ನ ಬೇರು ಕಳಿಸಬೇಡ.

ಈಗ ನೀನು ಒಂದೇ ಕೆಲಸ ಮಾಡಬೇಕು. ಚೆನ್ನಾಗಿರಬೇಕು. ಮುಟ್ಟಿದ ಕೂಡಲೇ ನಾಲ್ಕು ಸಾಲು ಬರೆ.

ಅಂಬಿ


ಮಿಯಾಪುರ
೨೦ ಅಕ್ಟೋಬರ್ ೨೦೨೪

ಅಕ್ಕಾ,

ದಸರೆ ಹೋಯಿತು. ಪ್ರತಿ ವರ್ಷ ನೀನು ಲಕೋಟೆಯಲ್ಲಿ ಬನ್ನಿ ಎಲೆ ಇಟ್ಟು ಕಳಿಸುತ್ತಿದ್ದೆ. ಈ ಸಲ ಎಲೆಯೂ ಇಲ್ಲ, ಅಕ್ಷರವೂ ಇಲ್ಲ.

ಬಸವಕಿರಣನಿಗೆ ಫೋನ್ ಮಾಡಿದೆ. “ಅವ್ವ ಆರಾಮ ಅದಾಳ ಚಿಗವ್ವ” ಅಂದ. ಮತ್ತೆ ಯಾಕೆ ಬರೆಯುವುದಿಲ್ಲ ಅಂದರೆ, “ಬರೀತಾಳ ಬಿಡು” ಅಂದ. ಮುಖ ತೋರಿಸು ಅಂದರೆ ನೆಟ್‌ವರ್ಕ್ ಇಲ್ಲ ಅಂದ. ಸುಳ್ಳು ಹೇಳಲೂ ಬರದ ಮಗನನ್ನು ಹೆತ್ತಿದ್ದೀ.

ಹೆದರಿದ್ದೇನೆ. ಅದನ್ನು ಮುಚ್ಚಿಡುವುದಿಲ್ಲ. ಬೆಳಗ್ಗೆ ಗುಳಿಗೆ ಅಂಗೈಯಲ್ಲಿ ಹಿಡಿದಾಗಲೆಲ್ಲ ನಿನ್ನ ಮುಖ ಕಾಣುತ್ತದೆ. ಕಂಡರೂ ನುಂಗುತ್ತೇನೆ. ಮರುದಿನ ಮತ್ತೆ ನುಂಗುತ್ತೇನೆ.

ಸಿಟ್ಟಿದ್ದರೆ ಸಿಟ್ಟು ಬರೆ. ‘ನೀನು ನನ್ನ ತಂಗಿಯೇ ಅಲ್ಲ’ ಎಂದಾದರೂ ಬರೆ. ಬದುಕಿದ್ದೀ ಎಂದು ಗೊತ್ತಾದರೆ ಸಾಕು, ಮಿಕ್ಕ ಜಗಳ ನಾನು ನೋಡಿಕೊಳ್ಳುತ್ತೇನೆ.

ಅಂಬಿ


ಲಿಂಗಸುಗೂರು
೪ ನವೆಂಬರ್ ೨೦೨೪

ಅಂಬಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬೇರೆಯವರಿಂದ ಬರೆಸಿದರೆ ನಿನಗೆ ಸಂಶಯ ಬರುತ್ತಿತ್ತು. ಈ ಕೈಗೆ ಅಕ್ಷರ ಕಲಿಸಲು ಇಷ್ಟು ದಿನ ಹಿಡಿಯಿತು.

ಬಚ್ಚಲಲ್ಲಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಇದೆ.

ಕೇಳು. ನಾನು ಬಿದ್ದದ್ದು ಸೆಪ್ಟೆಂಬರ್ ೨೩, ಸೋಮವಾರ. ನೀನು ಗುಳಿಗೆ ನುಂಗಿದ್ದು ಮರುದಿನ, ಮಂಗಳವಾರ. ನಿನ್ನ ಪತ್ರದಲ್ಲಿ ನೀನೇ ಬರೆದಿದ್ದೀ. ಆಣೆ ಮುರಿಯುವ ಮೊದಲೇ ಬಿದ್ದೆ. ಆದ್ದರಿಂದ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಬೇರು ಚೆಲ್ಲಿದೆ. ಗುಳಿಗೆ ಬಿಡಬೇಡ.

ಅಕ್ಕ


ಮಿಯಾಪುರ
೧೭ ನವೆಂಬರ್ ೨೦೨೪, ರವಿವಾರ

ಅಕ್ಕಾ,

ನಿನ್ನ ಎಡಗೈ ಅಕ್ಷರವನ್ನು ನನ್ನ ಎಡಗಣ್ಣು ಓದಿತು. ಒಂದನೇ ಇಯತ್ತೆಯ ಹುಡುಗಿಯ ಅಕ್ಷರ. ಕಾಗದ ಎದೆಗೊತ್ತಿಕೊಂಡು ಅತ್ತೆ, ಆಮೇಲೆ ಇವರನ್ನು ಕರೆದು ಓದಿ ಹೇಳಿದೆ, ಆಮೇಲೆ ಮತ್ತೆ ಅತ್ತೆ.

ತಾಯಪ್ಪ ದೀಪಾವಳಿಗೆ ಊರಿಗೆ ಹೋದವನು ಮೊನ್ನೆ ಬಂದ. ನಾನು ಏನೂ ಕೇಳಿರಲಿಲ್ಲ. ಅವನೇ ಹೇಳಿದ: “ನಿಮ್ಮಕ್ಕಾರು ಬಿದ್ದಾಗ ಎತ್ತಿದಾಕಿ ನನ್ನ ಹೆಂಡ್ತಿರಿ. ಅವತ್ತು ಗುರುವಾರ, ಆಕಿಂದು ಒಪ್ಪತ್ತು. ಖಾಲಿ ಹೊಟ್ಟೀಲೆ ಎತ್ತಿ, ಆಕಿಗೂ ಚಕ್ಕರ್ ಬಂದಿತ್ತಂತ.”

ಗುರುವಾರ. ಸೋಮವಾರ ಅಲ್ಲ. ನಾನು ಆಣೆ ಮುರಿದ ಎರಡು ದಿನಕ್ಕೆ ನೀನು ಬಿದ್ದಿದ್ದೀ. ನನ್ನ ಪತ್ರ ಓದಿ, ವಾರ ಲೆಕ್ಕ ಹಾಕಿ, ಹಿಂದಕ್ಕೆ ಸರಿಸಿ, ಮಗನ ಬಾಯಿಗೂ ಬೀಗ ಹಾಕಿ, ಎಡಗೈಯಲ್ಲಿ ಕೂತು ಕೂತು ಸುಳ್ಳು ಬರೆದೆ. ರೊಟ್ಟಿ ಕಡಿದೆ ಎಂದ ನನ್ನ ಸುಳ್ಳಿಗೆ ಪತ್ರ ನಿಲ್ಲಿಸುತ್ತೇನೆ ಅಂದವಳು ನೀನು!

ಆಣೆ ತಗಲಿತೋ, ಬಚ್ಚಲ ಪಾಚಿ ಜಾರಿಸಿತೋ, ನನಗೆ ಗೊತ್ತಿಲ್ಲ. ಶ್ರೀಲಕ್ಷ್ಮಿಯನ್ನು ಕೇಳಿದರೆ ನಗುತ್ತಾಳೆ. ನಿನ್ನನ್ನು ಕೇಳಿದರೆ ಸೋಮವಾರ ಅನ್ನುತ್ತೀ. ನನ್ನ ಮನಸ್ಸನ್ನು ಕೇಳಿದರೆ, ನಾನೇ ನಿನ್ನ ಕೈ ಮುರಿದೆ ಅನ್ನುತ್ತದೆ. ಅನ್ನಲಿ. ನಾಳೆ ಬೆಳಗ್ಗೆ ತಿಂಡಿ ತಿಂದು ಗುಳಿಗೆ ನುಂಗುತ್ತೇನೆ. ನಾಡಿದ್ದೂ ನುಂಗುತ್ತೇನೆ. ನೀನು ಗುರುವಾರವೇ ಬಿದ್ದಿದ್ದರೂ ನುಂಗುತ್ತೇನೆ.

ನಿನಗೆ ತಿರುಗಿ ಒಂದು ಆಣೆ ಹಾಕಬಹುದಿತ್ತು. ಹಾಕುವುದಿಲ್ಲ. ಹಾಕಿಸಿಕೊಂಡವರಿಗೆ ಹೇಗಾಗುತ್ತದೆ ಎಂದು ನನಗೆ ಗೊತ್ತು. ಸುಮ್ಮನೆ ಕೇಳಿಕೊಳ್ಳುತ್ತೇನೆ, ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋಗಕ್ಕಾ.

ಅಂಬಿ